‘ಸೊಂಟ ಇನ್ನೂ ಸ್ವಲ್ಪ ಸಣ್ಣ ಮಾಡಿ ಮೇಡಂ!’

ಡಿಗ್ರಿ ಮುಗಿದು ಒಂಬತ್ತು ತಿಂಗಳಾಗಿತ್ತು. ಅರಕಲಗೂಡು ತಾಲ್ಲೂಕಿನ ನಮ್ಮೂರಲ್ಲಿ ಕೂತಿದ್ದೆ. ಅರ್ಜಿ ಹಾಕಿದ ಪರೀಕ್ಷೆಗಳೆಲ್ಲ ಒಂದೊಂದಾಗಿ ಮುಂದಕ್ಕೆ ಹೋಗುತ್ತಿದ್ದವು. ಹೊತ್ತು ಹೋಗಲೆಂದು ಬರೆದ ಚಿತ್ರಗಳನ್ನು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದೆ. ಅದನ್ನು ನೋಡಿ ಬೆಂಗಳೂರಿನ ಒಂದು ಮೊಬೈಲ್ ಗೇಮ್ ಕಂಪನಿಯವರು (ಹೆಸರು ಬೇಡ ಬಿಡಿ) ಮೆಸೇಜ್ ಮಾಡಿದರು. ಹೊಯ್ಸಳರ ಕಾಲದ್ದು ಎನ್ನಿಸುವಂಥ ಒಂದು ಕಾಲ್ಪನಿಕ ರಾಜ್ಯ, ಅಲ್ಲೊಬ್ಬಳು ಬಿಲ್ಲುಗಾರ್ತಿ, ಅವಳ ಚಿತ್ರ ಬೇಕು. ಒಂದು ಕ್ಯಾರೆಕ್ಟರ್‌ಗೆ 8,000 ರೂಪಾಯಿ. ಮನೆಯಲ್ಲಿ ಯಾರಿಗೂ ಹೇಳದೆ ಒಪ್ಪಿಕೊಂಡೆ.

ಬಿಲ್ಲುಗಾರ್ತಿ ಎಂದ ಕೂಡಲೇ ನೆನಪಾದವರು ನಮ್ಮ ದೊಡ್ಡಮ್ಮ. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ ಬೆಂಕಿಗೆ ರಾತ್ರಿಯಿಡೀ ಸೌದೆ ಒಟ್ಟುವವರು. ಅವರ ಭುಜ ನೋಡಿದರೆ ಬಿಲ್ಲು ಎಳೆಯುವುದು ಇವರಿಗೇನು ಮಹಾ ಎನ್ನಿಸುತ್ತದೆ. ಅದೇ ಭುಜ, ಕಚ್ಚೆ ಸೀರೆ, ತೋಳಿಗೆ ಚರ್ಮದ ಪಟ್ಟಿ, ಸೊಂಟಕ್ಕೊಂದು ಕುಡುಗೋಲು. ಐದು ದಿನ ಕೂತು ಬರೆದು ಕಳಿಸಿದೆ. ಮರುದಿನ ಉತ್ತರ ಬಂತು: ‘ಚೆನ್ನಾಗಿದೆ ಮೇಡಂ. ಆದರೆ ಸೊಂಟ ಇನ್ನೂ ಸ್ವಲ್ಪ ಸಣ್ಣ ಮಾಡಿ. ಎದೆ ಭಾಗ ಎದ್ದು ಕಾಣಲಿ. ಬಟ್ಟೆ ಜಾಸ್ತಿ ಆಯ್ತು. ನಮ್ಮ ಗೇಮ್ ಆಡುವವರಲ್ಲಿ ಹುಡುಗರೇ ಹೆಚ್ಚು.’ ನಾನು ಎದುರು ಮಾತಾಡಬಹುದು ಎಂದು ಊಹಿಸಿದ್ದರೋ ಏನೋ, ಕೆಳಗೆ ಇನ್ನೊಂದು ಸಾಲು: ‘ನೀವು ಹಾಸನದವರಲ್ವಾ? ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿಲ್ವಾ?’

ನಿಜ ಹೇಳಬೇಕೆಂದರೆ, ಹೆಚ್ಚು ಸಿಟ್ಟು ಬಂದದ್ದು ಈ ಕೊನೆಯ ಸಾಲಿಗೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಸನದ ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳೆಯನೊಬ್ಬ ಹೊಳೆನರಸೀಪುರದವನು. ಗೇಮ್ ಎಂದರೆ ಊಟ ಬಿಡುವವನು. ಅವನ ಅಕ್ಕನ ಸೀಮಂತಕ್ಕೆ ಹೋಗಿದ್ದಾಗ ಹೇಮಾವತಿ ದಡದಲ್ಲಿ ಕೂತು ವಿಷಯ ಹೇಳಿದೆ. ‘ಅಯ್ಯೋ, ಗಂಡಸರಿಗೂ ಸಿಕ್ಸ್ ಪ್ಯಾಕ್ ಇರುತ್ತಲ್ಲ ಕಣೇ, ಅದಕ್ಕೇನಂತೀಯ?’ ಅಂದ. ಇದು ಎಲ್ಲರೂ ಹೇಳುವ ಮಾತೇ. ನಾನು ಅವನ ಫೋನಿನಲ್ಲೇ ಅವನಿಷ್ಟದ ಗೇಮಿನ ಪೋಸ್ಟರ್ ತೆಗೆದು, ಅದರಲ್ಲಿರುವ ಹುಡುಗಿ ನಿಂತ ಹಾಗೆ ನಿಂತು ತೋರಿಸು ಎಂದೆ. ಬೆನ್ನು ನಮ್ಮ ಕಡೆಗೆ, ಎದೆಯೂ ನಮ್ಮ ಕಡೆಗೆ, ಒಂದು ಹಿಮ್ಮಡಿ ಮೇಲಕ್ಕೆ, ಕೈಯಲ್ಲಿ ಬಂದೂಕು. ಎರಡು ಸಲ ಪ್ರಯತ್ನಿಸಿ ಸೊಂಟ ಹಿಡಿದುಕೊಂಡು ಕೂತ. ನೀರು ತುಂಬಲು ಬಂದಿದ್ದ ಹೆಂಗಸರು ನಕ್ಕರು. 2012ರಲ್ಲಿ ಅಮೆರಿಕದ ಕಡೆಯ ಕಲಾವಿದರು ಇದನ್ನೇ ಮಾಡಿದ್ದರು. ಕಾಮಿಕ್ಸ್‌ನ ಹೆಣ್ಣು ಪಾತ್ರಗಳು ನಿಲ್ಲುವ ಭಂಗಿಯಲ್ಲೇ ಹಾಕ್‌ಐ ಎಂಬ ಗಂಡು ನಾಯಕನನ್ನು ಬರೆದು ಹಾಕಿದರು. ಯಾವ ಭಾಷಣವೂ ಬೇಕಾಗಲಿಲ್ಲ, ನೋಡಿದವರಿಗೆ ನಗು ತಡೆಯಲಾಗಲಿಲ್ಲ.

ಗಂಡು ಪಾತ್ರದ ಸಿಕ್ಸ್ ಪ್ಯಾಕ್ ಇರುವುದು ಆಡುವ ಹುಡುಗ ತಾನೂ ಹಾಗಾಗಬೇಕೆಂದು ಆಸೆಪಡಲು. ಹೆಣ್ಣು ಪಾತ್ರದ ಮೈ ಇರುವುದೂ ಅದೇ ಹುಡುಗನಿಗಾಗಿ. ಯುದ್ಧಕ್ಕೆ ಹೊರಟ ಗಂಡಿಗೆ ತಲೆಯಿಂದ ಕಾಲಿನವರೆಗೆ ಕಬ್ಬಿಣ, ಅದೇ ಯುದ್ಧಕ್ಕೆ ಅವನ ಪಕ್ಕದಲ್ಲೇ ಹೊರಟವಳ ಹೊಟ್ಟೆ ಪೂರ್ತಿ ಬಯಲು. ಶತ್ರು ಬಾಣ ಎಲ್ಲಿಗೆ ಬಿಡುತ್ತಾನೆ ಹೇಳು ಎಂದೆ. ‘ಅದೂ ಹೌದು’ ಎಂದ. ಆದರೆ ಬೇಲೂರಿನ ಪ್ರಶ್ನೆಗೆ ಅವನ ಹತ್ತಿರವೂ ಉತ್ತರ ಇರಲಿಲ್ಲ.

ಹೋಗಿ ನೋಡುವುದೇ ಸರಿ ಎನ್ನಿಸಿತು. 2023ರ ಜೂನ್‌ನಿಂದ ನಮಗೆ ಬಸ್ಸೂ ಫ್ರೀ. ‘ನಾನೂ ಬತ್ತೀನಿ’ ಎಂದು ಅಜ್ಜಿ ಹೊರಟಿತು. ಹಾಸನದಲ್ಲಿ ಬಸ್ಸು ಬದಲಿಸಿ ಬೇಲೂರಿಗೆ ಹೋದಾಗ ಹನ್ನೊಂದು ಗಂಟೆ.

ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆಗೆ ಯುನೆಸ್ಕೊ ಪಟ್ಟಿಗೂ ಸೇರಿತು. ಶಿಲಾಬಾಲಿಕೆಯರು, ಅಂದರೆ ಮದನಿಕೆಯರು ಒಟ್ಟು 42. ಹೊರಗೆ 38, ಒಳಗೆ ನಾಲ್ಕು. ಸೂರಿನ ಕೆಳಗೆ ಮುಂದಕ್ಕೆ ಬಾಗಿಕೊಂಡಿರುತ್ತಾರೆ, ಕತ್ತೆತ್ತಿ ನೋಡಬೇಕು. ಕೆಲವದರಲ್ಲಿ ಕೆತ್ತಿದವನ ಹೆಸರಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೀಗೆ. ಎಲ್ಲ ಗಂಡಸರೇ. ಮೈಮೇಲೆ ಬಟ್ಟೆಗಿಂತ ಒಡವೆ ಹೆಚ್ಚು. ಕಂಪನಿಯವನು ಹೇಳಿದ್ದು ಸುಳ್ಳಲ್ಲ ಎಂದು ಮೊದಲ ಹತ್ತು ನಿಮಿಷ ಅನ್ನಿಸಿದ್ದು ನಿಜ.

ಕನ್ನಡಿ ಹಿಡಿದ ದರ್ಪಣ ಸುಂದರಿಯ ಕೆಳಗೆ ನಿಂತು ಗೈಡ್ ಒಬ್ಬರು, ಇವಳಿಗೆ ಶಾಂತಲೆಯೇ ರೂಪದರ್ಶಿ ಎಂದು ಪ್ರವಾಸಿಗರಿಗೆ ಹೇಳುತ್ತಿದ್ದರು. ಅದು ಬಾಯಿಂದ ಬಾಯಿಗೆ ಬಂದ ಮಾತು. ಅದೇ ಆವರಣದಲ್ಲಿ ಹತ್ತು ಹೆಜ್ಜೆ ಆಚೆ ಇರುವ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದವಳು ಶಾಂತಲೆ, ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿ ಕಟ್ಟಿಸಿದವಳೂ ಅವಳೇ. ಆ ಗುಡಿಯನ್ನು ತೋರಿಸುವಾಗ ಮಾತ್ರ ಗೈಡ್ ಜಕಣಾಚಾರಿಯ ಕಪ್ಪೆ ಕಥೆ ಹೇಳಿದರು. ಪಾಪ, ಅವರ ತಪ್ಪಲ್ಲ. ಕೇಳುವವರು ಕೇಳುವುದು ಅದನ್ನೇ.

ಮುಂದೆ ಒಂದು ಮೂಲೆಯಲ್ಲಿ ಬಟ್ಟೆ ಕಳಚಿ ನಿಂತವಳೊಬ್ಬಳ ಕೆಳಗೆ ಕಾಲೇಜು ಹುಡುಗರ ಗುಂಪು ಕಿಸಿಕಿಸಿ ನಗುತ್ತಿತ್ತು. ನನಗೆ ಅಜ್ಜಿಯ ಜೊತೆ ಅಲ್ಲಿ ನಿಲ್ಲಲು ಮುಜುಗರ. ಅಜ್ಜಿ ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ‘ಸೀರೆ ಒಳಕ್ಕೆ ಚೇಳು ಹೊಕ್ಕಂಡೈತೆ ಕಣವ್ವ, ಕೊಡವ್ತಾವ್ಳೆ. ಅಲ್ ನೋಡು, ಕಾಲತ್ರ. ನಂಗೂ ಮೆದೆ ತಾವ ಹುಲ್ಲು ಹಿರಿಯೋವಾಗ ಹಿಂಗೇ ಆಗಿತ್ತು. ಯಾರವ್ರೆ, ಯಾರಿಲ್ಲ ನೋಡೋಕಾದದಾ ಆವಾಗ?’ ಎಂದಿತು. ಪೀಠದ ಮೇಲೆ ನಿಜವಾಗಿಯೂ ಒಂದು ಚೇಳಿದೆ. ನಗುತ್ತಿದ್ದ ಹುಡುಗರಿಗೆ ಅದು ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ.

ಆ ಚೇಳು ನನ್ನ ತಲೆಯೊಳಗೆ ಕೂತುಬಿಟ್ಟಿತು. ಆಮೇಲೆ ಒಬ್ಬೊಬ್ಬಳ ಮುಂದೆಯೂ, ಇವಳು ಏನು ಮಾಡುತ್ತಿದ್ದಾಳೆ ಎಂದು ಕೇಳಿಕೊಂಡು ನೋಡಿದೆ. ಒಬ್ಬಳು ಗಿಳಿಯ ಜೊತೆ ಮಾತಾಡುತ್ತಿದ್ದಾಳೆ. ಒಬ್ಬಳು ಮದ್ದಳೆ ಬಾರಿಸುತ್ತಿದ್ದಾಳೆ. ಬಿಲ್ಲು ಹಿಡಿದ ಬೇಟೆಗಾರ್ತಿಯಂತೂ ನಮ್ಮ ಕಡೆ ನೋಡುವುದೇ ಇಲ್ಲ, ಅವಳ ಧ್ಯಾನವೆಲ್ಲ ಬೇಟೆಯ ಮೇಲೆ. ಮೈ ಬಳುಕಿದ್ದರೂ ಮನುಷ್ಯರು ನಿಲ್ಲಬಹುದಾದ ಭಂಗಿ ಅದು, ಭರತನಾಟ್ಯ ಕಲಿತ ಯಾರಾದರೂ ನಿಂತು ತೋರಿಸುತ್ತಾರೆ. ಅಲ್ಲದೆ ಆ ಗೋಡೆಯ ಮೇಲೆ ಗಂಡುದೇವರುಗಳಿಗೂ ಮೇಲೆ ಬಟ್ಟೆಯಿಲ್ಲ, ಒಡವೆಯೇ.

ಹಾಗೆಂದು ನಮ್ಮ ಜಿಲ್ಲೆಯದ್ದೆಲ್ಲ ಬಂಗಾರ ಎನ್ನಲೂ ಮನಸ್ಸು ಬರಲಿಲ್ಲ. ಇನ್ನೊಬ್ಬಳ ಸೀರೆಯನ್ನು ಕೋತಿಯೊಂದು ಎಳೆಯುತ್ತಿದೆ. ಅವಳು ಗದರಿಸುತ್ತಿದ್ದಾಳೆ. ಆ ಕೋತಿ ಅಲ್ಲಿರುವುದು ಸೀರೆ ಜಾರಿಸಲಿಕ್ಕೇ. ಶಿಲ್ಪಿಗೆ ಅದು ಬೇಕಿತ್ತು, ನೆಪಕ್ಕೆ ಕೋತಿಯನ್ನು ಕರೆದ. ಅದನ್ನು ನೋಡುವಾಗ ನನಗೆ 2015ರ ‘ಬಾಹುಬಲಿ’ ನೆನಪಾಯಿತು. ಅವಂತಿಕಾ ಕತ್ತಿ ಹಿಡಿದು ರಾಜ್ಯಕ್ಕಾಗಿ ಹೋರಾಡುವವಳು. ನಾಯಕ ಅವಳು ಮಲಗಿದ್ದಾಗ ಕೈ ಮೇಲೆ ಚಿತ್ತಾರ ಬರೆಯುತ್ತಾನೆ, ಆಮೇಲೆ ಕಾದಾಡುತ್ತಲೇ ಅವಳ ಕೂದಲು ಬಿಚ್ಚಿ, ಯೋಧರ ಉಡುಪು ಕಿತ್ತು, ಹಣ್ಣಿನ ರಸದಿಂದ ತುಟಿಗೆ ಬಣ್ಣ ಹಚ್ಚಿ ‘ಹೆಣ್ಣು’ ಮಾಡುತ್ತಾನೆ. ಅವಳು ನಾಚುತ್ತಾಳೆ. ಆಗ ಹೈಸ್ಕೂಲು ಸೇರುವ ವಯಸ್ಸು, ನಾವೆಲ್ಲ ಚಪ್ಪಾಳೆ ಹೊಡೆದಿದ್ದೆವು. ಆ ದೃಶ್ಯದ ಬಗ್ಗೆ ವಿಮರ್ಶಕರು ತಕರಾರು ತೆಗೆದದ್ದು ಗೊತ್ತಾದದ್ದು ಬಹಳ ತಡವಾಗಿ. 2017ರ ಎರಡನೇ ಭಾಗದಲ್ಲಿ ಅದೇ ನಿರ್ದೇಶಕರ ದೇವಸೇನೆ, ಕೈ ಹಾಕಲು ಬಂದವನ ಬೆರಳನ್ನೇ ಕತ್ತರಿಸುತ್ತಾಳೆ. ಚಪ್ಪಾಳೆ ಅದಕ್ಕೂ ಬಿತ್ತು. ಹುಡುಗರಿಗೆ ಇಂಥದ್ದೇ ಬೇಕು ಎನ್ನುವವರು ಇದನ್ನು ಮರೆಯುತ್ತಾರೆ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಮಾಡಿದ ಓಬವ್ವ ಉಟ್ಟದ್ದು ಸೀರೆ, ಹಿಡಿದದ್ದು ಒನಕೆ. ನವೆಂಬರ್ ಬಂದರೆ ನಮ್ಮೂರ ಹುಡುಗರ ಸ್ಟೇಟಸ್‌ನಲ್ಲಿ ಇವತ್ತಿಗೂ ಅವಳೇ.

ಸಿನಿಮಾದ ಬಾಹುಬಲಿಯನ್ನು ಬಿಟ್ಟು ನಿಜವಾದ ಬಾಹುಬಲಿಯ ಹತ್ತಿರ ಹೋದದ್ದು ಮುಂದಿನ ವಾರ. ಚನ್ನರಾಯಪಟ್ಟಣದಲ್ಲಿ ಗೆಳತಿಯ ಮನೆಯಲ್ಲಿ ಉಳಿದು, ಬೆಳಿಗ್ಗೆ ಇಬ್ಬರೂ ಶ್ರವಣಬೆಳಗೊಳದ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿದೆವು. 58 ಅಡಿ ಎತ್ತರದ ಬೆತ್ತಲೆ ಗಂಡಸಿನ ಮೂರ್ತಿ. 2018ರ ಮಹಾಮಸ್ತಕಾಭಿಷೇಕದ ವರ್ಷ ಸ್ಕೂಲಿನಿಂದ ಬಂದಾಗಲೂ ಯಾರಿಗೂ ನಗು ಬಂದಿರಲಿಲ್ಲ. ಅವನು ಎಲ್ಲ ಬಿಟ್ಟು ನಿಂತವನು, ಯಾರಿಗೂ ತೋರಿಸಲು ನಿಂತವನಲ್ಲ. ಬೆತ್ತಲೆ ಇರುವುದೇ ತಪ್ಪಲ್ಲ ಎಂದು ಅಲ್ಲಿ ನಿಂತಾಗ ನನಗೆ ಖಾತ್ರಿಯಾಯಿತು.

ಅಲ್ಲೇ ಗೊಮ್ಮಟನ ಎದುರಿಗೆ, ಬಾಗಿಲಾಚೆ ಗುಳ್ಳಕಾಯಜ್ಜಿ ನಿಂತಿದ್ದಾಳೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪೂರ್ತಿಯಾಗಲಿಲ್ಲ, ಈ ಅಜ್ಜಿ ಗುಳ್ಳಕಾಯಿಯಲ್ಲಿ ತಂದ ಇಷ್ಟೇ ಇಷ್ಟು ಹಾಲು ಪಾದದವರೆಗೆ ಹರಿಯಿತು ಎನ್ನುವ ಕಥೆ ನಿಮಗೂ ಗೊತ್ತಿರುತ್ತದೆ. ಕೂಷ್ಮಾಂಡಿನಿ ಯಕ್ಷಿಯೇ ಆ ರೂಪದಲ್ಲಿ ಬಂದಳೆಂದೂ ಹೇಳುತ್ತಾರೆ. ಅಂದರೆ ದೇವತೆಯೊಬ್ಬಳು ಸೇನಾಪತಿಯ ಅಹಂಕಾರ ಮುರಿಯಲು ಆರಿಸಿಕೊಂಡದ್ದು ಮುದುಕಿಯ ರೂಪ! ನಾನು ಫೋನ್ ತೆಗೆದು ನನಗೆ ಗೊತ್ತಿರುವ ಗೇಮ್‌ಗಳನ್ನೆಲ್ಲ ನೆನಪು ಮಾಡಿಕೊಂಡೆ. ಬಿಳಿಗಡ್ಡದ ಮುದುಕರು ಬೇಕಾದಷ್ಟಿದ್ದಾರೆ. ಗುರು, ಮಾಂತ್ರಿಕ, ರಾಜ. ಮುದುಕಿ ಇದ್ದರೆ ಮಾಟಗಾತಿ, ಅಷ್ಟೇ. ಮೈ ತೋರಿಸುವ ಚಿತ್ರಗಳ ಬಗ್ಗೆ ನಾವು ಜಗಳ ಆಡುತ್ತೇವೆ, ಬರೆಯದೇ ಬಿಟ್ಟ ಹೆಂಗಸರ ಲೆಕ್ಕ ಯಾರೂ ಇಡುವುದಿಲ್ಲ.

ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಆ ಗೆಳತಿ ಇಳಿಯುವಾಗ ಒಂದು ಕಾಯ್ದೆ ಹೇಳಿದಳು. ಸ್ತ್ರೀಯರ ಅಸಭ್ಯ ನಿರೂಪಣೆ ತಡೆಯಲು 1986ರಲ್ಲೇ ಕೇಂದ್ರದ ಕಾನೂನು ಬಂದಿದೆ. ಅದರ 4ನೇ ಸೆಕ್ಷನ್ ಪುರಾತನ ಸ್ಮಾರಕ ಮತ್ತು ದೇವಸ್ಥಾನದ ಶಿಲ್ಪಗಳಿಗೆ ವಿನಾಯಿತಿ ಕೊಡುತ್ತದೆ. ಕಾನೂನೇ ಬೇಲೂರನ್ನು ಬೇರೆ ಇಟ್ಟಿದೆ, ನೀನ್ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ ಎಂದಳು. ಕಾನೂನು ನೋಡುವುದು ಚಿತ್ರ ಅಸಭ್ಯವೇ ಅಲ್ಲವೇ ಎಂದು. ನನ್ನ ಬಿಲ್ಲುಗಾರ್ತಿಯ ಸೊಂಟ ಯಾಕೆ ಸಣ್ಣದಾಗಬೇಕು ಎಂದು ಯಾವ ಸೆಕ್ಷನ್ನಿನಲ್ಲೂ ಕೇಳಲು ಬರುವುದಿಲ್ಲ. 2016ರಲ್ಲಿ ವಿಶ್ವಸಂಸ್ಥೆ ‘ವಂಡರ್ ವುಮನ್’ ಪಾತ್ರವನ್ನು ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿ ಮಾಡಿತ್ತು. ಅಲ್ಲಿನ ಉದ್ಯೋಗಿಗಳೇ ಅವಳ ಮೈ, ಉಡುಪು ನೋಡಿ ವಿರೋಧಿಸಿದರು. ಎರಡು ತಿಂಗಳೊಳಗೆ ಆ ಪಟ್ಟ ಮುಗಿಯಿತು. ಅಷ್ಟು ದೊಡ್ಡ ಜಾಗದಲ್ಲೇ ಇತ್ಯರ್ಥವಾಗದ್ದು, ನಾನು ನಮ್ಮೂರಲ್ಲಿ ಕೂತು ಮಾಡುತ್ತೇನೆಯೇ?

ಮನೆಗೆ ಬಂದು ಎರಡನೇ ಚಿತ್ರ ಬರೆದೆ. ಈ ಸಲ ಹಟ ಮಾಡಲಿಲ್ಲ. ಬೇಲೂರಿನ ಒಡವೆ ಹಾಕಿದೆ, ಭುಜ ಬರಿದು ಮಾಡಿದೆ. ಆದರೆ ಕಾಲು ನೆಲಕ್ಕೆ ಊರಿ, ಕಣ್ಣು ಬೇಟೆಯ ಮೇಲೆ ಇಟ್ಟೆ. ಪಕ್ಕದಲ್ಲಿ ಗುಳ್ಳಕಾಯಿ ಹಿಡಿದ ಒಬ್ಬ ಅಜ್ಜಿಯನ್ನೂ ಬರೆದು, ಇವಳು ಬಿಲ್ಲು ಕಲಿಸಿದ ಗುರು ಎಂದು ಸೇರಿಸಿ ಕಳಿಸಿದೆ. ‘ಅಜ್ಜಿ ಸೂಪರ್ ಮೇಡಂ, ಆದರೆ ಅಜ್ಜಿಯನ್ನು ಯಾರು ಕೊಂಡುಕೊಳ್ಳುತ್ತಾರೆ? ಹುಡುಗಿ ಮುಖ ಕ್ಯಾಮೆರಾ ಕಡೆ ತಿರುಗಿಸಿ. ಸೊಂಟ ಮರೆತಿರಿ’ ಎಂದು ಉತ್ತರ ಬಂತು.

ಇಲ್ಲಿಗೆ ಬಿಟ್ಟೆ ಎಂದು ಬರೆದಿದ್ದರೆ ಓದಲು ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ತಮ್ಮನ ಕಾಲೇಜು ಫೀಸಿಗೆ ಅಪ್ಪ ಆಲೂಗಡ್ಡೆ ಬಿತ್ತನೆಯ ದುಡ್ಡಿಗೆ ಕೈ ಹಾಕಿದ್ದರು. ಮೂರನೇ ಸಲ ಅವರು ಕೇಳಿದ ಹಾಗೇ ಮಾಡಿಕೊಟ್ಟೆ. ಅರ್ಧ ಗಂಟೆ ಸಾಕಾಯಿತು, ಅಷ್ಟು ಸುಲಭ ಅದು. 8,000 ಬಂತು.

ಗೇಮ್ ಬಂದಾಗ ತಮ್ಮ ಫೋನಿನಲ್ಲಿ ತೆಗೆದು ‘ಅಕ್ಕ ಬರೆದದ್ದು’ ಎಂದು ಮನೆಯವರಿಗೆಲ್ಲ ತೋರಿಸಿದ. ಅವ್ವ ಏನೂ ಮಾತಾಡದೆ ಒಳಗೆ ಹೋದಳು. ಅಜ್ಜಿ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಬಹಳ ಹೊತ್ತು ನೋಡಿತು. ‘ಇವ್ಳಿಗೂ ಚೇಳು ಹೊಕ್ಕಂಡಿತ್ತಾ? ಎಲ್ಲವ್ವಾ ಚೇಳು, ಕಾಣ್ತಾನೇ ಇಲ್ವಲ್ಲ?’

ಹೋದ ವಾರ ಅದೇ ಕಂಪನಿಯವರು ಮತ್ತೆ ಮೆಸೇಜ್ ಮಾಡಿದ್ದಾರೆ. ಈ ಸಲ ಒಬ್ಬ ಮಂತ್ರವಾದಿ ಹೆಂಗಸು ಬೇಕಂತೆ, 10,000 ಕೊಡುತ್ತಾರಂತೆ. ವಯಸ್ಸು ಎಷ್ಟು ಎಂದು ಕೇಳಿದೆ. 22 ಎಂದರು. 70 ಮಾಡಬಹುದಾ, ದುಡ್ಡು ಹಳೆಯ ರೇಟೇ ಸಾಕು ಎಂದು ಬರೆದಿದ್ದೇನೆ. ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಇನ್ನೂ ಬಂದಿಲ್ಲ.