ಹಸಿ ಕಸದ ಎರಡು ಗತಿಗಳು

ಹೆಚ್ಚಿ ಉಳಿದ ಬೆಂಡೆಯ ತೊಟ್ಟು, ಬಾಳೆಹಣ್ಣಿನ ಸಿಪ್ಪೆ, ಸೋಸಿ ತೆಗೆದ ಕಾಫಿಯ ಗಷ್ಟು, ಎಲೆಯಲ್ಲಿ ಮಿಕ್ಕ ಅನ್ನದ ಅಗುಳು, ಇವೆಲ್ಲವೂ ಅಡುಗೆಮನೆಯ ಹೊಸ್ತಿಲನ್ನು ದಾಟುವವರೆಗೆ ಒಂದೇ ಜಾತಿಯ ಪದಾರ್ಥಗಳು. ದಾಟಿದ ಬಳಿಕ ಅವುಗಳಿಗೆ ಗಾಳಿಯ ಸಂಪರ್ಕ ಲಭಿಸುವುದೋ ಇಲ್ಲವೋ ಎಂಬುದೊಂದರ ಮೇಲೆಯೇ ಅವುಗಳ ಮುಂದಿನ ಗತಿ ನಿರ್ಣಯವಾಗುತ್ತದೆ. ಗಾಳಿಯಾಡುವ ಕಡೆ ಬಿದ್ದವು ಕೆಲವು ತಿಂಗಳುಗಳಲ್ಲಿ ಕಪ್ಪನೆಯ ಪುಡಿಗೊಬ್ಬರವಾಗಿ ಗಿಡದ ಬುಡಕ್ಕೆ ಸಲ್ಲುತ್ತವೆ. ಪ್ಲಾಸ್ಟಿಕ್ ಚೀಲದೊಳಗೆ ಬಾಯಿ ಕಟ್ಟಿಸಿಕೊಂಡು, ಲಾರಿಯಲ್ಲಿ ಅದುಮಿಸಿಕೊಂಡು, ಊರಾಚೆಯ ಕಲ್ಲುಕ್ವಾರಿಯ ತಳದಲ್ಲಿ ಮತ್ತಷ್ಟು ಕಸದ ಕೆಳಗೆ ಹೂತುಹೋದವು, ಭೂಮಂಡಲದ ಉಷ್ಣವನ್ನು ಹೆಚ್ಚಿಸುವ ಅನಿಲವಾಗಿ ವರ್ಷಾನುಗಟ್ಟಲೆ ಮೇಲೇಳುತ್ತಿರುತ್ತವೆ. ವಾಯುಗುಣದ ಬದಲಾವಣೆಯೆಂಬ ಬಹು ದೊಡ್ಡ ವಿಷಯದಲ್ಲಿ ಸಾಮಾನ್ಯ ಗೃಹಸ್ಥರ ಕೈಗೆ ನೇರವಾಗಿ ಎಟಕುವ ಭಾಗ ಯಾವುದೆಂದು ಕೇಳಿದರೆ ಈ ಕವಲನ್ನೇ ತೋರಿಸಬೇಕೆಂದು ನನಗೆ ತೋರುತ್ತದೆ. ಆದುದರಿಂದ ಈ ಅಧ್ಯಾಯವನ್ನು ಬಹುಮಟ್ಟಿಗೆ ಅದಕ್ಕೇ ಮೀಸಲಿಟ್ಟಿದೆ.

ಕೊಳೆಯುವ ಕ್ರಿಯೆಯನ್ನು ನಡೆಸತಕ್ಕವು ಸೂಕ್ಷ್ಮಜೀವಿಗಳು. ಆಮ್ಲಜನಕವು ಧಾರಾಳವಾಗಿ ದೊರೆತಲ್ಲಿ ಅದನ್ನು ಉಸಿರಾಡುವ ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಸಸ್ಯಪದಾರ್ಥವನ್ನು ಒಡೆದು ಇಂಗಾಲದ ಡೈ ಆಕ್ಸೈಡ್, ನೀರು ಮತ್ತು ಹ್ಯೂಮಸ್ ಎಂಬ ಸ್ಥಿರವಾದ ಕಪ್ಪು ದ್ರವ್ಯವನ್ನಾಗಿ ಮಾರ್ಪಡಿಸುತ್ತವೆ. ಹೀಗೆ ಹೊರಬೀಳುವ ಇಂಗಾಲದ ಡೈ ಆಕ್ಸೈಡಿನ ವಿಷಯದಲ್ಲಿ ಕೆಲವರಿಗೆ ಆತಂಕವುಂಟು. ಆದರೆ ಆ ಇಂಗಾಲವು ಕೆಲವೇ ತಿಂಗಳುಗಳ ಹಿಂದೆ ಆ ಬೆಂಡೆಯ ಗಿಡವೂ ಆ ಬಾಳೆಯೂ ಗಾಳಿಯಿಂದಲೇ ಹೀರಿಕೊಂಡದ್ದೇ ಹೊರತು, ಕೋಟ್ಯಂತರ ವರ್ಷ ಭೂಗರ್ಭದಲ್ಲಿ ಅಡಗಿದ್ದ ಕಲ್ಲಿದ್ದಲಿನ ಇಂಗಾಲದಂತೆ ವಾತಾವರಣಕ್ಕೆ ಹೊಸದಾಗಿ ಸೇರಿದುದಲ್ಲ. ಗಾಳಿಯಿಲ್ಲದ ಕಡೆ ನಡೆಯುವ ವ್ಯಾಪಾರವೇ ಬೇರೆ. ರಾಶಿಯೊಳಗೆ ಸಿಕ್ಕಿಬಿದ್ದ ಅಲ್ಪಸ್ವಲ್ಪ ಆಮ್ಲಜನಕವು ಮುಗಿದೊಡನೆ ಬೇರೊಂದು ವರ್ಗದ ಜೀವಿಗಳು ಪ್ರಬಲವಾಗಿ ಪದಾರ್ಥವನ್ನು ಹುಳಿಯಾದ ಆಮ್ಲಗಳನ್ನಾಗಿ ಒಡೆಯುತ್ತವೆ. ಅವುಗಳ ಬೆನ್ನಹಿಂದೆ ಬರುವ ಆರ್ಕಿಯಾ ಎಂಬ ಅತಿ ಪುರಾತನವಾದ ಸೂಕ್ಷ್ಮಜೀವಿಗಳು ಆ ಆಮ್ಲಗಳ ಶೇಷವನ್ನು ಮೀಥೇನ್ ಅನಿಲವನ್ನಾಗಿ ಮಾಡುತ್ತವೆ. ಕಸದ ಗುಡ್ಡೆಯ ಒಡಲಿನಿಂದ ಏಳುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಮೀಥೇನೇ ಇರುತ್ತದೆ. ಗಿಡವು ಗಾಳಿಯಿಂದ ಪಡೆದ ಇಂಗಾಲವು ಎರಡು ಪ್ರಸಂಗಗಳಲ್ಲಿಯೂ ಗಾಳಿಗೆ ಮರಳುತ್ತದೆಯೆಂಬುದು ನಿಜ. ಆದರೆ ಎರಡನೆಯದರಲ್ಲಿ ಅದು ಪಡೆದ ರೂಪವನ್ನು ಬಿಟ್ಟು ಬಹಳ ಉಗ್ರವಾದ ರೂಪದಲ್ಲಿ ಮರಳುತ್ತದೆ.

ಎಷ್ಟು ಉಗ್ರವೆಂಬುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ನೂರು ವರ್ಷಗಳ ಅವಧಿಯನ್ನು ಗಣನೆಗೆ ತೆಗೆದುಕೊಂಡರೆ, ತೂಕಕ್ಕೆ ತೂಕ, ಮೀಥೇನಿನ ಉಷ್ಣಗ್ರಹಣಶಕ್ತಿ ಇಂಗಾಲದ ಡೈ ಆಕ್ಸೈಡಿನದಕ್ಕಿಂತ ಸುಮಾರು 28 ಪಟ್ಟು ಹೆಚ್ಚು; ಇಪ್ಪತ್ತೇ ವರ್ಷಗಳ ಅವಧಿಯನ್ನು ನೋಡಿದರೆ ಸುಮಾರು 80 ಪಟ್ಟು. ಲೆಕ್ಕ ಹೀಗೆ ಬದಲಾಗುವುದಕ್ಕೆ ಕಾರಣವೇನೆಂದರೆ, ಮೀಥೇನ್ ವಾತಾವರಣದಲ್ಲಿ ಸರಾಸರಿ ಹನ್ನೆರಡು ವರ್ಷ ಮಾತ್ರ ಬಾಳತಕ್ಕದ್ದು. ಅಲ್ಪಾಯುವಾದ ಈ ಅನಿಲದ ಉತ್ಪತ್ತಿಯನ್ನು ಇಂದು ತಗ್ಗಿಸಿದರೆ ಅದರ ಫಲವನ್ನು ಇಂದಿನ ತಲೆಮಾರಿನವರೇ ಕಾಣಬಹುದು. ಶತಮಾನಗಳ ಕಾಲ ಉಳಿಯತಕ್ಕ ಇಂಗಾಲದ ಡೈ ಆಕ್ಸೈಡಿನ ವಿಷಯದಲ್ಲಿ ಅಂಥ ಭರವಸೆಯನ್ನು ಯಾರೂ ಕೊಡಲಾರರು. ಕೈಗಾರಿಕಾ ಯುಗಕ್ಕೆ ಮುಂಚೆ ಇದ್ದುದಕ್ಕಿಂತ ಇಂದು ವಾತಾವರಣದ ಮೀಥೇನ್ ಎರಡೂವರೆ ಪಟ್ಟಿಗೂ ಮೀರಿ ಬೆಳೆದಿದೆ, ಮತ್ತು ಮಾನವವ್ಯವಹಾರದಿಂದ ಹೊರಬೀಳುವ ಮೀಥೇನಿನಲ್ಲಿ ಸುಮಾರು ಐದನೆಯ ಒಂದು ಭಾಗ ಕಸ ಮತ್ತು ಕೊಳಚೆನೀರಿನಿಂದ ಬರತಕ್ಕದ್ದು. ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳುವುದು ನ್ಯಾಯ. ಭೂಮಿಯ ಉಷ್ಣವೃದ್ಧಿಗೆ ಮೂಲಕಾರಣ ಕಲ್ಲಿದ್ದಲು, ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲಗಳ ದಹನ. ಇಂಗಾಲದ ಡೈ ಆಕ್ಸೈಡಿನ ಪ್ರಮಾಣವನ್ನು ಹತ್ತು ಲಕ್ಷಕ್ಕೆ 280 ಭಾಗಗಳಿಂದ 420ರ ಆಚೆಗೆ ಏರಿಸಿದುದು ಮುಖ್ಯವಾಗಿ ಅದೇ. ಅಡುಗೆಮನೆಯಲ್ಲಿ ಎರಡು ಬುಟ್ಟಿ ಇಟ್ಟಮಾತ್ರಕ್ಕೆ ಆ ಹೊಣೆ ಯಾವ ಸರ್ಕಾರದ ತಲೆಯಿಂದಲೂ ಇಳಿಯುವುದಿಲ್ಲ.

ಕಸವನ್ನು ಮಣ್ಣಿಗೆ ಮರಳಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಮನೆಯ ಗುಡಿಸಿದ ಕಸ ಇವುಗಳನ್ನು ತಿಪ್ಪೆಗೆ ಹಾಕಿ, ಮುಂಗಾರಿಗೆ ಮೊದಲು ಗಾಡಿಯಲ್ಲಿ ಹೇರಿ ಹೊಲಕ್ಕೆ ಹೊಡೆಯುವುದು ನಮ್ಮ ಬೇಸಾಯದ ನಿತ್ಯವಿಧಿಯಾಗಿತ್ತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇದಕ್ಕೆ ಶಾಸ್ತ್ರೀಯವಾದ ರೂಪ ಕೊಟ್ಟ ಎರಡು ಪದ್ಧತಿಗಳು ಲೋಕಪ್ರಸಿದ್ಧವಾದುವು. ಒಂದು, ಆಲ್ಬರ್ಟ್ ಹೋವರ್ಡ್ ಅವರು ಇಂದೋರಿನಲ್ಲಿ ರೂಪಿಸಿದ ಇಂದೋರ್ ಪದ್ಧತಿ. ರಾಶಿಯನ್ನು ಆಗಾಗ ಮಗುಚಿ ಗಾಳಿ ಕೊಡುವುದು ಅದರ ಜೀವಾಳ. ಇನ್ನೊಂದು, ಬೆಂಗಳೂರಿನಲ್ಲಿ ಆಚಾರ್ಯ ಎಂಬ ವಿಜ್ಞಾನಿಗಳು 1939ರ ವೇಳೆಗೆ ರೂಪಿಸಿದ, ಬೆಂಗಳೂರು ಪದ್ಧತಿಯೆಂದೇ ಪಠ್ಯಪುಸ್ತಕಗಳಲ್ಲಿ ಇಂದಿಗೂ ಕರೆಯಿಸಿಕೊಳ್ಳುವ ಕ್ರಮ. ಸುಮಾರು ಮೂರಡಿ ಆಳದ ಕಂದಕದಲ್ಲಿ ಊರಿನ ಕಸವನ್ನು ಗೇಣೆತ್ತರಕ್ಕೆ ಹರಡಿ, ಅದರ ಮೇಲೆ ಪಾಯಖಾನೆಯ ಮಲವನ್ನು ತೆಳುವಾಗಿ ಸುರಿದು, ಮತ್ತೆ ಕಸ, ಮತ್ತೆ ಮಲ, ಹೀಗೆ ಪದರಪದರವಾಗಿ ತುಂಬಿ, ಮೇಲೆ ಕಸದ ದಪ್ಪ ಹೊದಿಕೆಯನ್ನೂ ಅಗೆದ ಮಣ್ಣನ್ನೂ ಹಾಕಿ ಮುಚ್ಚಿಬಿಡುತ್ತಿದ್ದರು. ವಾರದೊಳಗೆ ಒಳಗಿನ ಶಾಖವು 60 ಡಿಗ್ರಿ ಸೆಲ್ಸಿಯಸನ್ನು ದಾಟಿ, ಎರಡು ಮೂರು ವಾರ ಹಾಗೆಯೇ ನಿಂತು, ರೋಗಾಣುಗಳನ್ನು ಕೊಲ್ಲುತ್ತಿತ್ತು. ನಾಲ್ಕರಿಂದ ಆರು ತಿಂಗಳಿಗೆ ಗೊಬ್ಬರ ಸಿದ್ಧ. ಮಗುಚುವ ಕೂಲಿಯೂ ಇಲ್ಲ, ನೊಣದ ಕಾಟವೂ ಇಲ್ಲ. ಮಲವನ್ನು ಹೊರುವ ಅಮಾನುಷವಾದ ದುಡಿಮೆ ಅದರ ಹಿಂದೆ ಇತ್ತೆಂಬುದನ್ನು ಮರೆಯುವಂತಿಲ್ಲ. ಗಾಳಿಯಾಡದ ಕಂದಕವು ಮೀಥೇನನ್ನು ಹುಟ್ಟಿಸುತ್ತದೆಂಬುದೂ ಆ ಕಾಲದ ಚಿಂತೆಯ ಪರಿಧಿಯೊಳಗೆ ಬಂದಿರಲಿಲ್ಲ. ಆದರೆ ಊರು ಉಂಡದ್ದರ ಶೇಷ ಹೊಲಕ್ಕೆ ಹಿಂತಿರುಗಬೇಕೆಂಬ ಅದರ ಮೂಲತತ್ತ್ವದಲ್ಲಿ ನಾನು ಯಾವ ದೋಷವನ್ನೂ ಕಾಣೆ.

ಯಾವ ನಗರದ ಹೆಸರನ್ನು ಆ ಪದ್ಧತಿ ಹೊತ್ತಿದೆಯೋ ಆ ನಗರವೇ ಮುಂದೆ ಆ ತತ್ತ್ವವನ್ನು ಬಿಟ್ಟಿತು. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ನಗರದ ಕಸದಿಂದ ಗೊಬ್ಬರ ಮಾಡುತ್ತ ಬಂದಿತಾದರೂ ನಗರವು ಅದರ ಶಕ್ತಿಯನ್ನು ಎಷ್ಟೋ ಪಾಲು ಮೀರಿ ಬೆಳೆಯಿತು. ಅದಕ್ಕಿಂತ ಮುಖ್ಯವಾಗಿ, ಕಸದ ಸ್ವಭಾವವೇ ಬದಲಾಯಿತು. ಹಿಂದಿನ ತಿಪ್ಪೆಯಲ್ಲಿ ಕೊಳೆಯದ ವಸ್ತು ಎಂದರೆ ಮಡಕೆಯ ಚೂರು, ಬಳೆಯ ಒಡಕು. ಇಂದು ಹಸಿಯ ಜೊತೆಗೆ ಪ್ಲಾಸ್ಟಿಕ್, ಗಾಜು, ಬ್ಯಾಟರಿ, ಔಷಧದ ಪಟ್ಟಿ ಎಲ್ಲವೂ ಒಂದೇ ಚೀಲದಲ್ಲಿ. ಇಂಥ ಕಸವನ್ನು ಗೊಬ್ಬರ ಮಾಡಿದರೂ ಅದರಲ್ಲಿ ಗಾಜಿನ ಚೂರು ಉಳಿಯುತ್ತದೆ; ಬರಿಗಾಲಿನಲ್ಲಿ ಹೊಲಕ್ಕಿಳಿಯುವ ರೈತನು ಅದನ್ನು ಒಲ್ಲೆನೆಂದರೆ ತಪ್ಪೇನು? ಗೊಬ್ಬರವಾಗದ ಕಸ ಹಳ್ಳಿಗಳ ಪಕ್ಕಕ್ಕೆ ಹೋಯಿತು. ಯಲಹಂಕದಾಚೆಯ ಮಾವಳ್ಳಿಪುರದ ಜನರು ಕಪ್ಪಾದ ಕೊಳೆನೀರು ತಮ್ಮ ಕೆರೆಬಾವಿಗಳಿಗೆ ಇಳಿಯುವುದನ್ನು ವರ್ಷಗಟ್ಟಲೆ ಸಹಿಸಿ ಕಡೆಗೆ ಪ್ರತಿಭಟಿಸಿದ ಮೇಲೆ 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ಆ ವರ್ಷ ಬೆಂಗಳೂರಿನ ಬೀದಿಬೀದಿಗಳಲ್ಲಿ ರಾಶಿ ಬಿದ್ದ ಕಸವು ದೇಶದಾಚೆಗೂ ಸುದ್ದಿಯಾಯಿತು. ಆ ಭಾರವನ್ನು ಹೊತ್ತ ಪೂರ್ವದಿಕ್ಕಿನ ಮಂಡೂರಿನವರೂ ಹೋರಾಡಬೇಕಾಯಿತು. 2014ರ ಕೊನೆಗೆ ಅಲ್ಲಿಗೂ ಕಸ ಹೋಗುವುದು ನಿಂತು, ಉತ್ತರದ ಕಲ್ಲುಕ್ವಾರಿಗಳಿಗೆ ಆ ಸರದಿ ಬಂದಿತು. ನಗರವಾಸಿಗಳ ನಿತ್ಯದ ಒಂದು ಅಲಕ್ಷ್ಯಕ್ಕೆ ಊರೂರುಗಳ ನೀರು ಬೆಲೆಯಾಗಿ ತೆರಲ್ಪಟ್ಟಿತೆಂಬುದನ್ನು ನೆನೆದರೆ ಮನಸ್ಸಿಗೆ ಬಹಳ ನೋವಾಗುತ್ತದೆ.

ನಷ್ಟವು ನೀರಿನದು ಮಾತ್ರವಲ್ಲ. ಕೋಲಾರ, ಮಾಲೂರು, ಚಿಕ್ಕಬಳ್ಳಾಪುರ, ಹೊಸಕೋಟೆಗಳ ಹೊಲಗಳಿಂದ ಪ್ರತಿದಿನ ನಸುಕಿನಲ್ಲಿ ಬೆಂಗಳೂರಿಗೆ ಬರುವ ಟೊಮ್ಯಾಟೊ, ಸೊಪ್ಪು, ಹುರುಳಿಕಾಯಿಗಳ ಜೊತೆಯಲ್ಲಿ ಆ ಮಣ್ಣಿನ ಸಾರಜನಕ, ರಂಜಕ, ಪೊಟ್ಯಾಸಿಯಮ್ಮುಗಳೂ ಬರುತ್ತವೆ. ಕ್ವಾರಿಯ ತಳದಲ್ಲಿ ಹೂತುಹೋದ ಮೇಲೆ ಅವು ಆ ಹೊಲಗಳನ್ನು ಮತ್ತೆಂದೂ ಕಾಣವು. ಆ ಕೊರತೆಯನ್ನು ರೈತನು ಅಂಗಡಿಯ ಯೂರಿಯಾದಿಂದ ತುಂಬುತ್ತಾನೆ. ಯೂರಿಯಾದ ತಯಾರಿಕೆಗೆ ನೈಸರ್ಗಿಕ ಅನಿಲ ಬೇಕು, ಹೊಲಕ್ಕೆ ಹಾಕಿದ ಮೇಲೆ ಅದರ ಒಂದಂಶವು ನೈಟ್ರಸ್ ಆಕ್ಸೈಡ್ ಎಂಬ, ಮೀಥೇನಿಗಿಂತಲೂ ಪ್ರಬಲವಾದ ಅನಿಲವಾಗಿ ಮೇಲೇಳುತ್ತದೆ. ಹೀಗೆ ಒಂದು ಚೀಲದ ಬಾಯಿ ಕಟ್ಟಿದಾಗ ಎರಡು ಕಡೆಯಿಂದ ಗಾಳಿ ಕೆಡುತ್ತದೆ.

ಪರಿಹಾರವು ಕಸ ಹುಟ್ಟುವ ಸ್ಥಳದಲ್ಲಿಯೇ ಇದೆ. ಬೆರೆಸದೆ ಇಡುವುದು ಒಂದು ಕೈಚಲನೆಯ ಕೆಲಸ. ಬೆರೆತದ್ದನ್ನು ಬೇರ್ಪಡಿಸುವುದು ಯಂತ್ರಗಳಿಗೂ ದುಸ್ಸಾಧ್ಯ. 2015ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಬೆಂಗಳೂರಿನ ಮನೆಗಳಿಗೆ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ವಿಧಿಸಿತು: ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಡಯಾಪರ್, ಸ್ಯಾನಿಟರಿ ಪ್ಯಾಡ್ ಮೊದಲಾದುವಕ್ಕೆ, ಚೀಲವು ಒಣ ಕಸಕ್ಕೆ. ಮರುವರ್ಷದ ಕೇಂದ್ರ ಸರ್ಕಾರದ ನಿಯಮಗಳೂ ಮೂಲದಲ್ಲಿಯೇ ವಿಂಗಡಿಸುವುದನ್ನು ದೇಶಾದ್ಯಂತ ಕರ್ತವ್ಯವನ್ನಾಗಿ ಮಾಡಿದುವು.

ಸ್ವಲ್ಪ ಜಾಗವಿದ್ದವರು ಹಸಿ ಕಸವನ್ನು ಬುಟ್ಟಿಯವರೆಗೂ ಕಳುಹಿಸಬೇಕಾಗಿಲ್ಲ. ಪಕ್ಕಕ್ಕೆ ತೂತುಗಳಿರುವ ಮಡಕೆಯೊಂದರ ತಳದಲ್ಲಿ ತರಗೆಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ನಾಲ್ಕು ಬೆರಳು ದಪ್ಪ ಹರಡಿ, ದಿನದ ಸಿಪ್ಪೆಯನ್ನು ಚಿಕ್ಕದಾಗಿ ಕತ್ತರಿಸಿ ಹಾಕಿ, ಅದು ಕಾಣದಂತೆ ಮತ್ತೆ ತರಗನ್ನು ಮುಚ್ಚುತ್ತ ಹೋಗಬೇಕು. ಹುಳಿಮಜ್ಜಿಗೆಯನ್ನೋ ಸಗಣಿಯ ನೀರನ್ನೋ ಚಿಮುಕಿಸಿದರೆ ಕ್ರಿಯೆ ಬೇಗ ಹಿಡಿಯುತ್ತದೆ. ಹಸಿರು ಪದಾರ್ಥದಲ್ಲಿ ಸಾರಜನಕವೂ ತರಗಿನಲ್ಲಿ ಇಂಗಾಲವೂ ಹೆಚ್ಚು; ಇಂಗಾಲ ಮೂವತ್ತಕ್ಕೆ ಸಾರಜನಕ ಒಂದು ಎಂಬ ಪ್ರಮಾಣಕ್ಕೆ ಸಮೀಪವಾದರೆ ಸೂಕ್ಷ್ಮಜೀವಿಗಳು ತೃಪ್ತವಾಗಿ ದುಡಿಯುತ್ತವೆ. ತಕ್ಕಡಿ ಬೇಡ, ಮೂಗು ಸಾಕು: ಅಮೋನಿಯದ ಘಾಟು ಬಂದರೆ ತರಗು ಸಾಲದು, ಹುಳಿತ ನಾತ ಬಂದರೆ ನೀರು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ. ಒಂದು ಹಿಡಿ ತೆಗೆದು ಹಿಂಡಿದಾಗ ಬೆರಳು ತೇವವಾಗಬೇಕು, ನೀರು ಸುರಿಯಬಾರದು. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿದರೆ ಒಳಗೆ ಬಿಸಿಯಾದ ಉಸಿರು ಕೈಗೆ ತಾಗುತ್ತದೆ. ಆ ಬಿಸಿ ಆ ಜೀವಿಗಳ ದುಡಿಮೆಯ ಶಾಖ. ಮಡಕೆ ಸಣ್ಣದಾದುದರಿಂದ ದೊಡ್ಡ ರಾಶಿಯಷ್ಟು ಅದು ಕಾಯುವುದಿಲ್ಲ. ಕೆಲವೊಮ್ಮೆ ಬಿಳಿಯ ಹುಳುಗಳು ಕಾಣಿಸಿಕೊಂಡು ಮನೆಯವರು ಹೆದರಿ ಇಡೀ ಉದ್ಯಮವನ್ನೇ ಕೈಬಿಡುವುದುಂಟು. ಅವು ಕಸವನ್ನು ತಿಂದು ಕರಗಿಸುವ ನಿರುಪದ್ರವಿಗಳು, ತರಗನ್ನು ಹೆಚ್ಚಿಸಿದರೆ ತಾವಾಗಿ ಕಡಿಮೆಯಾಗುತ್ತವೆ. ಎರಡು ಮೂರು ತಿಂಗಳಲ್ಲಿ ಸಿಪ್ಪೆಯ ಗುರುತು ಅಳಿದು, ಮೊದಲ ಮಳೆಯ ಮಣ್ಣಿನ ವಾಸನೆಯುಳ್ಳ ಗೊಬ್ಬರ ದೊರೆಯುತ್ತದೆ. ಇಲ್ಲಿ ಒಂದು ವಿಷಾದವನ್ನು ಹೇಳದೆ ಇರಲಾರೆ: ತರಗು ಸಾಲದೆ ಮಡಕೆಗಳು ನಾರುವ ಅದೇ ಬಡಾವಣೆಗಳಲ್ಲಿ, ಬೇಸಗೆಯ ಮೊದಲಲ್ಲಿ ಮರಗಳಿಂದ ಉದುರಿದ ಎಲೆಗಳನ್ನು ಮೂಲೆಗೆ ಗುಡಿಸಿ ಬೆಂಕಿ ಹಚ್ಚುತ್ತಾರೆ.

ಒಣ ಕಸದ ಕಥೆ ಮನುಷ್ಯರ ಕಥೆ. ಗುಜರಿ ಅಂಗಡಿ, ಹಳೇ ಪೇಪರಿನವರ ಕೂಗು, ಚಿಂದಿ ಆಯುವವರ ಗೋಣಿಚೀಲ, ಇವುಗಳಿಂದ ಕಟ್ಟಿದ ವ್ಯವಸ್ಥೆಯೊಂದು ಯಾವ ನಿಯಮವೂ ಹುಟ್ಟುವ ಮುಂಚೆಯೇ ನಮ್ಮ ಊರುಗಳಲ್ಲಿ ಪುನರ್ಬಳಕೆಯನ್ನು ನಡೆಸಿಕೊಂಡು ಬಂದಿದೆ. ಬೆಂಗಳೂರಿನಲ್ಲಿ ಈಚೆಗೆ ಕಸ ಆಯುವವರಿಗೆ ಗುರುತಿನ ಚೀಟಿ ದೊರೆತು, ವಾರ್ಡುಗಳ ಒಣ ಕಸ ಸಂಗ್ರಹಣಾ ಕೇಂದ್ರಗಳಲ್ಲಿ ಅನೇಕವನ್ನು ಅವರೇ ನಡೆಸುವಂತಾದುದು ಬಹಳ ಯೋಗ್ಯವಾದ ಕೆಲಸ. ಅಂಥ ಕೇಂದ್ರದಲ್ಲಿ ನೆಲದ ಮೇಲೆ ಕುಳಿತ ಹೆಂಗಸರು ಹಾಲಿನ ಕವರು, ಗಟ್ಟಿ ಪ್ಲಾಸ್ಟಿಕ್, ನೀರಿನ ಬಾಟಲಿ, ರಟ್ಟು, ಬಿಳಿಯ ಕಾಗದ, ಬಣ್ಣದ ಕಾಗದ ಎಂದು ಹತ್ತಾರು ಬಗೆಯಾಗಿ ಕೈಯಿಂದಲೇ ವಿಂಗಡಿಸುತ್ತಾರೆ. ಸಾರು ಅಂಟಿದ ಕಾಗದಕ್ಕೆ ಬೆಲೆಯಿಲ್ಲ, ತೊಳೆದು ಒಣಗಿಸಿದ ಹಾಲಿನ ಕವರಿಗೆ ಬೆಲೆಯುಂಟು. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಿದರೆ ಆ ಉಗುರಿನಷ್ಟು ತುಂಡನ್ನು ಯಾರೂ ಹೆಕ್ಕಲಾರರು, ಅದು ಚರಂಡಿಗೆ ಸೇರುತ್ತದೆ. ಕವರಿಗೆ ಅಂಟಿಕೊಂಡಿರುವಂತೆ ಅರ್ಧಕ್ಕೆ ಕತ್ತರಿಸುವುದು ಮೇಲು. ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಪ್ರತ್ಯೇಕವಾಗಿ ಕೊಡಬೇಕೆಂಬುದೂ, ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಕಟ್ಟಬೇಕೆಂಬುದೂ ಆ ಕೈಗಳನ್ನು ನೆನೆದು ಮಾಡಿದ ಮಾತುಗಳು. ವಾಯುಗುಣದ ವಿಚಾರವೆಲ್ಲ ಮರೆತುಹೋದರೂ ಇದೊಂದು ಮರೆಯಬಾರದು.

ವಿಂಗಡವಾದ ವಸ್ತುಗಳಲ್ಲಿ ಲಾಭವು ಸಮನಲ್ಲ. ಅಲ್ಯುಮಿನಿಯಮನ್ನು ಅದಿರಿನಿಂದ ತೆಗೆಯುವುದಕ್ಕೆ ಬೇಕಾದ ಶಕ್ತಿಯ ಸುಮಾರು ಶೇಕಡ 95 ಭಾಗವು ಹಳೆಯದನ್ನು ಕರಗಿಸಿದರೆ ಉಳಿಯುತ್ತದೆ. ಗಾಜು ಎಷ್ಟು ಸಲವಾದರೂ ಗುಣಗೆಡದೆ ಕರಗೀತು. ಕಾಗದದ ನಾರು ಕೆಲವು ಆವೃತ್ತಿಗಳಲ್ಲಿ ಮೋಟಾಗಿ ಸವೆಯುತ್ತದೆ. ಚಿಪ್ಸು, ಬಿಸ್ಕತ್ತು, ಶಾಂಪುಗಳ ಮಿರುಗುವ ಪೊಟ್ಟಣಗಳಿಗಂತೂ ಗುಜರಿಯಲ್ಲಿ ಕಾಸೂ ಹುಟ್ಟದು. ಒಂದಕ್ಕೊಂದು ಬೆಸೆದ ಪ್ಲಾಸ್ಟಿಕ್ ಮತ್ತು ಲೋಹದ ತೆಳುಪದರಗಳನ್ನು ಬಿಡಿಸುವ ಖರ್ಚು ಸಿಗುವ ಸರಕಿನ ಬೆಲೆಯನ್ನು ಮೀರುತ್ತದೆ. ಅವುಗಳಲ್ಲಿ ಒಂದು ಪಾಲು ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಇಂಧನವಾಗುತ್ತದೆ. ಪೆಟ್ರೋಲಿಯಮ್ಮಿನಿಂದ ಹುಟ್ಟಿದ ಅದರ ಇಂಗಾಲವು ಹಾಗೆ ಉರಿದಾಗ ಹೊಸದಾಗಿಯೇ ಗಾಳಿಗೆ ಸೇರುತ್ತದೆ. ತಯಾರಕರೇ ತಮ್ಮ ಪೊಟ್ಟಣಗಳ ಸಂಗ್ರಹಣೆ ಮತ್ತು ವಿಲೇವಾರಿಗೆ ಹೊಣೆಗಾರರೆಂಬ ತತ್ತ್ವವನ್ನು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಒಪ್ಪಿಕೊಂಡಿವೆ. ಗೃಹಸ್ಥರು ಹತ್ತು ಸಣ್ಣ ಪೊಟ್ಟಣಗಳ ಬದಲು ದೊಡ್ಡದೊಂದನ್ನು ಕೊಳ್ಳಬಹುದು, ಸಾಧ್ಯವಾದ ಕಡೆ ಡಬ್ಬಿಯನ್ನೊಯ್ದು ಬಿಡಿಯಾಗಿ ತರಬಹುದು. ಒಂದೇ ಪದರದ, ಕರಗಿಸಲು ಬರುವ ಪೊಟ್ಟಣವನ್ನು ಮಾಡಿಸುವುದು ಮಾತ್ರ ಕಾರ್ಖಾನೆಯ ಮಾಲೀಕರ ಮೇಲೂ ಅವರು ನಿಯಮವನ್ನು ಪಾಲಿಸುವಂತೆ ನೋಡಿಕೊಳ್ಳಬೇಕಾದ ಸರ್ಕಾರದ ಮೇಲೂ ಬಿದ್ದ ಕೆಲಸ, ಮತ್ತು ಅದನ್ನು ಅವರಿಂದ ಕೇಳಿ ಪಡೆಯುವ ಹಕ್ಕು ತನ್ನ ಮನೆಯ ಕಸವನ್ನು ವಿಂಗಡಿಸಿ ಕೊಡುವ ಪ್ರತಿಯೊಬ್ಬ ಪೌರನಿಗೂ ಇದೆ.