ಮುಟ್ಟದೆ ನೋಡುವ ವಿದ್ಯೆ

ಅಟ್ಟದ ಮೇಲಿನ ತಾಳೆಯೋಲೆಯ ಕಟ್ಟನ್ನು ಅವಸರದಿಂದ ಬಿಚ್ಚಿದವನ ಕೈಗೆ ಗ್ರಂಥಕ್ಕೆ ಬದಲಾಗಿ ಅದರ ಚೂರುಗಳು ಬರುವುದುಂಟು. ನಮ್ಮ ಕಾಲದ ಓಲೆಗಳೆಂದರೆ ಫ್ಲಾಪಿ, ಸಿ.ಡಿ. ಮುಂತಾದುವು. ಮಕ್ಕಳ ಭಾವಚಿತ್ರಗಳು, ಹಿರಿಯರು ಬರೆದಿಟ್ಟ ವಂಶಾವಳಿ, ಮನೆಯ ಲೆಕ್ಕಪತ್ರ ಇವೆಲ್ಲವೂ ಎಷ್ಟೋ ಸಂಸಾರಗಳಲ್ಲಿ ಇಂತಹ ತಟ್ಟೆಗಳೊಳಗೆ ಅಡಗಿವೆ. ಇವನ್ನು ಕೆಡಿಸದೆ ತೆರೆದು ನೋಡುವ ಕ್ರಮವೊಂದುಂಟು. ಗೃಹಸ್ಥರು ಅದರ ತತ್ತ್ವವನ್ನಾದರೂ ಅರಿತಿರುವುದು ಲೇಸು.

ನೋಡಿದ ಮಾತ್ರಕ್ಕೆ ಕೆಡುವುದೆಂತು ಎಂದು ವಾಚಕರು ಕೇಳಬಹುದು. ಗಣಕಯಂತ್ರವು ಸುಮ್ಮನೆ ನೋಡುವ ಸ್ವಭಾವದ್ದಲ್ಲ. ಕಡತವೊಂದನ್ನು ತೆರೆದರೆ, ತೆರೆದ ಹೊತ್ತನ್ನು ಅದು ಹಲವು ವೇಳೆ ಡಿಸ್ಕಿನ ಮೇಲೆಯೇ ಗುರುತಿಸಿಡುವುದು. ಕೆಲವು ಯಂತ್ರಗಳು ತಮ್ಮ ಅನುಕೂಲಕ್ಕಾಗಿ ಸಣ್ಣ ಕಡತಗಳನ್ನು ತಾವೇ ಸೇರಿಸುವುವು. ಹಿಂದೆ ಅಳಿಸಿದ್ದ ಬರಹದ ಶೇಷವೇನಾದರೂ ಅಲ್ಲಿದ್ದರೆ, ಅದರ ಮೇಲೆ ಹೊಸ ಬರಹ ಬಿದ್ದು ಅದು ಶಾಶ್ವತವಾಗಿ ನಷ್ಟವಾಗಬಹುದು.

ಆದುದರಿಂದ ಮೊದಲ ಕೆಲಸವು ಬರೆಯುವ ಬಾಗಿಲನ್ನು ಮುಚ್ಚುವುದು. ಮೂರೂವರೆ ಅಂಗುಲದ ಫ್ಲಾಪಿಯ ಮೂಲೆಯಲ್ಲಿರುವ ಬಿಲ್ಲೆಯನ್ನು ಸರಿಸಿ ಕಿಂಡಿಯು ತೆರೆದಿರುವಂತೆ ಮಾಡಿದರೆ ಯಂತ್ರವು ಅದರ ಮೇಲೆ ಬರೆಯಲಾರದು. ಎರಡನೆಯದಾಗಿ, ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಇದ್ದುದು ಇದ್ದಂತೆಯೇ ಒಂದೇ ಕಡತವಾಗಿ ನಕಲು ಮಾಡಬೇಕು. ಈ ಪಡಿಯಚ್ಚಿಗೆ ಇಮೇಜ್ ಎಂದು ಹೆಸರು. ೧.೪೪ ಮೆಗಾಬೈಟಿನದೆಂದು ಕರೆಯುವ ಸಾಮಾನ್ಯ ಫ್ಲಾಪಿಯ ಪಡಿಯಚ್ಚು ಸರಿಯಾಗಿ ೧೪,೭೪,೫೬೦ ಬೈಟುಗಳಿರಬೇಕು.

ಮೂರನೆಯದೇ ಮೌಂಟ್ ಮಾಡುವುದು. ಈ ಕಡತವನ್ನೇ ಒಂದು ಡಿಸ್ಕೆಂದು ಭಾವಿಸು, ಆದರೆ ಓದಲು ಮಾತ್ರ, ಎಂದು ಯಂತ್ರಕ್ಕೆ ಅಪ್ಪಣೆ ಕೊಡುವುದು. ಆಗ ಉಗ್ರಾಣದ ಕಪಾಟುಗಳ ಸಾಲಿನಲ್ಲಿ ಗಾಜಿನ ಬಾಗಿಲಿನ ಇನ್ನೊಂದು ಕಪಾಟನ್ನು ನಿಲ್ಲಿಸಿದಂತಾಗುವುದು. ಒಳಗಿನ ಪದಾರ್ಥವೆಲ್ಲ ಕಾಣುವುದು, ಅದರ ನಕಲನ್ನು ತೆಗೆದುಕೊಳ್ಳಬಹುದು, ಆದರೆ ಒಳಗೆ ಏನನ್ನೂ ಸೇರಿಸಲಾಗದು.

ಕಡತಗಳ ಗಂಟುಗಳನ್ನೂ ಹೀಗೆಯೇ ಬಿಚ್ಚದೆ ನೋಡಬಹುದು. ೧೯೭೯ರ ಯೂನಿಕ್ಸಿನೊಡನೆ ಬಂದ ಟಾರ್ ಎಂಬ ಕಟ್ಟು ಪರಿವಿಡಿಯಿಲ್ಲದ ಪುಸ್ತಕದಂತಿದೆ. ಪ್ರತಿ ಕಡತಕ್ಕೂ ಮುಂಚೆ ಅದರ ಹೆಸರು, ಅಳತೆಗಳ ೫೧೨ ಬೈಟಿನ ಚೀಟಿಯಿರುವುದರಿಂದ, ಮೊದಲಿನಿಂದ ಕೊನೆಯವರೆಗೆ ಚೀಟಿಗಳನ್ನು ಹುಡುಕಿಯೇ ಪಟ್ಟಿಯನ್ನು ಕಟ್ಟಬೇಕು. ೧೯೮೯ರ ಜಿಪ್‌ನಲ್ಲಾದರೋ ಪಟ್ಟಿಯು ಕೊನೆಯಲ್ಲೇ ಸಿದ್ಧವಾಗಿದೆ. ೨೦೦೫ರಲ್ಲಿ ಲಿನಕ್ಸಿಗೆ ಸೇರಿದ ಫ್ಯೂಸ್ ಎಂಬ ಏರ್ಪಾಟಿನಿಂದ ಇಂತಹ ಗಂಟುಗಳನ್ನು ಕಪಾಟಿನಂತೆ ತೋರಿಸುವ ಸಣ್ಣ ಪ್ರೋಗ್ರಾಮುಗಳನ್ನು ಬರೆಯುವುದು ಸುಲಭವಾಯಿತು.

ಓದಲು ಮಾತ್ರ ಎಂಬ ಅಪ್ಪಣೆಯನ್ನೇ ಪೂರ್ಣವಾಗಿ ನಂಬುವುದೂ ತರವಲ್ಲ. ಎಕ್ಸ್‌ಟ್ ೩ ಎಂಬ ವ್ಯವಸ್ಥೆಯ ಡಿಸ್ಕು ಹಿಂದೆ ಅರ್ಧಕ್ಕೆ ನಿಂತಿದ್ದರೆ, ಲಿನಕ್ಸ್ ಆ ಅಪ್ಪಣೆಯಿದ್ದಾಗಲೂ ಬಾಕಿ ಉಳಿದ ಬರಹವನ್ನು ಮೊದಲು ಮುಗಿಸಿಬಿಡುವುದುಂಟು. ಮೂಲದ ಬದಲು ಪಡಿಯಚ್ಚಿನ ಮೇಲೆ, ಅದೂ ಅದರ ಇನ್ನೊಂದು ನಕಲಿನ ಮೇಲೆ, ಕೆಲಸ ಮಾಡಬೇಕೆಂಬುದು ಇದಕ್ಕಾಗಿಯೇ.

ಈ ತಾಳ್ಮೆಗೆ ಫಲವುಂಟು. ಅಮೆರಿಕದ ಚಿತ್ರಕಾರ ಆಂಡಿ ವಾರ್ಹಾಲ್ ೧೯೮೫ರಲ್ಲಿ ಅಮಿಗಾ ಎಂಬ ಗಣಕಯಂತ್ರದಲ್ಲಿ ಚಿತ್ರಗಳನ್ನು ರಚಿಸಿದನು. ೧೯೮೭ರಲ್ಲಿ ಆತನು ತೀರಿಕೊಂಡನು. ಫ್ಲಾಪಿಗಳು ಪಿಟ್ಸ್‌ಬರ್ಗಿನ ಅವನ ಹೆಸರಿನ ವಸ್ತುಸಂಗ್ರಹಾಲಯವನ್ನು ಸೇರಿದ್ದುವು. ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಸಂಘದವರು ಅವುಗಳ ಪಡಿಯಚ್ಚನ್ನು ಜೋಪಾನವಾಗಿ ತೆಗೆದು, ಅಪರಿಚಿತ ರೂಪದಲ್ಲಿದ್ದ ಚಿತ್ರಗಳನ್ನು ಶೋಧಿಸಿ ಕಂಡುಕೊಂಡರು. ೨೦೧೪ರಲ್ಲಿ ಲೋಕವು ಅವನ್ನು ನೋಡಿತು.

ಕನ್ನಡಿಗರಿಗೆ ಇನ್ನೊಂದು ಮಾತು. ಯೂನಿಕೋಡ್ ರೂಢಿಗೆ ಬರುವ ಮುನ್ನ ಬೆರಳಚ್ಚಾದ ಕನ್ನಡ ಬರಹವು, ಆ ಕಾಲದ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುವುದು. ಬರಹವು ಕೆಟ್ಟಿತೆಂದು ಅದನ್ನು ಅಳಿಸಬಾರದು. ಫಾಂಟಿನ ಕಡತವನ್ನೂ ಜೊತೆಯಲ್ಲೇ ಉಳಿಸಿಕೊಳ್ಳಬೇಕು.

ಸೋನಿ ಕಂಪೆನಿಯು ಜಪಾನಿನಲ್ಲಿ ಫ್ಲಾಪಿಯ ಮಾರಾಟವನ್ನು ೨೦೧೧ರಲ್ಲಿಯೇ ನಿಲ್ಲಿಸಿತು. ಓದುವ ಯಂತ್ರಗಳೂ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿವೆ. ಡಿಸ್ಕಿನ ಮೇಲಿನ ಕಾಂತದ ಗುರುತುಗಳು ಮಾಸುವ ಮುನ್ನ ಪಡಿಯಚ್ಚನ್ನು ತೆಗೆಸಿ, ಒಂದು ನಕಲನ್ನು ಮನೆಯಲ್ಲಿಯೂ ಮತ್ತೊಂದನ್ನು ನಂಬಿಕೆಯ ಬಂಧುಗಳಲ್ಲಿಯೂ ಇರಿಸುವುದು ವಿವೇಕ. ಮೂಲವನ್ನು ಮಾತ್ರ ಎಸೆಯದಿರಿ.