ಗೊರಕೆಗೂ ಹೊಟ್ಟೆಗೂ ಒಂದೇ ಕಡತ

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲವೂ ನನ್ನ ಕಚೇರಿಯ ಮೇಜಿನಲ್ಲಿ ಆಮ್ಲ ಶಮನದ ಮಾತ್ರೆಗಳಿಗೆ ಖಾಯಂ ಸ್ಥಾನವಿತ್ತು. ಹುಳಿತೇಗು, ಎದೆಯುರಿಗಳನ್ನು ಹುದ್ದೆಯೊಂದಿಗೆ ಬರುವ ಭತ್ಯೆಗಳೆಂದೇ ಭಾವಿಸಿದ್ದೆ. ಮಧ್ಯಾಹ್ನದ ಸಭೆಗಳಲ್ಲಿ ಆವರಿಸುತ್ತಿದ್ದ ತೂಕಡಿಕೆಗೆ ಊಟವನ್ನು ಹೊಣೆ ಮಾಡುತ್ತಿದ್ದೆ. ನನ್ನ ಗೊರಕೆಯಂತೂ ಮನೆಮಂದಿಗೆಲ್ಲ ನಗೆಯ ವಸ್ತು. ನಿವೃತ್ತಿಯ ನಂತರ ಒಂದು ರಾತ್ರಿ ಪತ್ನಿ ನನ್ನನ್ನು ಅಲುಗಾಡಿಸಿ ಎಬ್ಬಿಸಿ, ‘ನಿಮ್ಮ ಉಸಿರೇ ನಿಂತುಹೋಗಿತ್ತು’ ಎಂದು ನಡುಗುತ್ತ ಹೇಳಿದಾಗ ಆ ನಗೆ ಮುಗಿಯಿತು.

ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ 34 ಬಾರಿ ನನ್ನ ಉಸಿರಾಟಕ್ಕೆ ತಡೆಯುಂಟಾಗುತ್ತಿರುವುದು ಕಂಡುಬಂತು. 30 ಮುಟ್ಟಿದರೆ ಅದು ತೀವ್ರ ‘ಸ್ಲೀಪ್ ಆಪ್ನಿಯ’. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮುಚ್ಚಿದ ಗಂಟಲಿನ ಮೂಲಕ ಗಾಳಿ ಎಳೆಯಲು ಎದೆ ಹೆಣಗುವಾಗ ಅದರೊಳಗಿನ ಒತ್ತಡ ಕುಸಿದು, ಜಠರದ ಆಮ್ಲ ಅನ್ನನಾಳಕ್ಕೇರಲು ಅನುವಾಗಬಹುದು. ವರ್ಷಗಟ್ಟಲೆ ನಾನು ಹಗಲಿನಲ್ಲಿ ಮಾತ್ರೆ ನುಂಗಿ ಶಮನಗೊಳಿಸುತ್ತಿದ್ದ ಉರಿಯ ಒಂದು ಮೂಲ ರಾತ್ರಿಯ ಉಸಿರಿನಲ್ಲಿತ್ತು!

ಈ ನಂಟು ಜಠರಕ್ಕೇ ಮುಗಿಯುವುದಿಲ್ಲ. ನಮ್ಮ ಕರುಳು ಕೋಟ್ಯಂತರ ಸೂಕ್ಷ್ಮಾಣುಗಳ ನೆಲೆ. ಅಮೆರಿಕದ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಗಮನಾರ್ಹ. ನಿದ್ರೆಯಲ್ಲಿ ಉಸಿರುಗಟ್ಟುವಂತೆ ಮಾಡಿದ ಇಲಿಗಳ ಪೈಕಿ ಕೊಬ್ಬಿನ ಆಹಾರ ತಿಂದವುಗಳಿಗೆ ರಕ್ತದೊತ್ತಡ ಏರಿತು. ಸಾಧಾರಣ ಆಹಾರ ತಿಂದವುಗಳಿಗೆ ಏರಲಿಲ್ಲ. ಆದರೆ ರಕ್ತದೊತ್ತಡವಿದ್ದ ಇಲಿಗಳ ಕರುಳಿನ ಸೂಕ್ಷ್ಮಾಣುಗಳನ್ನು ವರ್ಗಾಯಿಸಿದಾಗ, ಉಸಿರುಗಟ್ಟುತ್ತಿದ್ದ ಎರಡನೆಯ ಗುಂಪಿನ ಇಲಿಗಳಲ್ಲೂ ಒತ್ತಡ ಏರಿತು. ಅಂದರೆ ಉಸಿರುಗಟ್ಟುವಿಕೆ ಮಾಡುವ ಹಾನಿಯಲ್ಲಿ ಕರುಳೂ ಪಾಲುದಾರ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನು ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಜೊತೆಗಿರುವುದೆಲ್ಲ ಕಾರಣವಲ್ಲ, ಇಲಿಗೆ ಸಂದದ್ದೆಲ್ಲ ಮನುಷ್ಯನಿಗೆ ಸಲ್ಲುವುದಿಲ್ಲ. ಬೊಜ್ಜು ಈ ಎರಡೂ ತೊಂದರೆಗಳನ್ನು ಒಟ್ಟಿಗೇ ಹೆಚ್ಚಿಸಬಲ್ಲದು. ಆದ್ದರಿಂದ ‘ಕರುಳಿನ ಆರೋಗ್ಯ’ದ ಹೆಸರಿನಲ್ಲಿ ಮಾರಾಟವಾಗುವ ಪುಡಿ, ಪಾನೀಯಗಳಿಂದ ಗೊರಕೆ ನಿಲ್ಲುತ್ತದೆಂದು ಯಾರೂ ನಂಬಬೇಕಿಲ್ಲ. ತೀವ್ರ ಕಾಯಿಲೆಗೆ ಪ್ರಮುಖ ಚಿಕಿತ್ಸೆ ಇಂದಿಗೂ ಸಿಪ್ಯಾಪ್ ಯಂತ್ರವೇ. ಮುಖವಾಡದ ಮೂಲಕ ಗಾಳಿಯೊತ್ತಿ ಶ್ವಾಸಮಾರ್ಗವನ್ನು ತೆರೆದಿಡುವ ಈ ವಿಧಾನವನ್ನು ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಲೋಕಕ್ಕೆ ತಿಳಿಸಿದರು.

ನಾನೂ ಆ ಯಂತ್ರ ಹಾಕಿಕೊಂಡೇ ಮಲಗುತ್ತೇನೆ. ರಾತ್ರಿ ಹತ್ತರ ಊಟವನ್ನು ಏಳಕ್ಕೆ ತಂದಿದ್ದೇನೆ. ಎದೆಯುರಿ ಬಹುಪಾಲು ತಗ್ಗಿದೆ. ಕೀರ್ತಿ ಯಂತ್ರದ್ದೋ, ಊಟದ ಹೊತ್ತಿನದೋ ಎಂದು ಪತ್ನಿಯೊಡನೆ ಇನ್ನೂ ವಾದ ನಡೆಯುತ್ತಿದೆ.

ಒಂದೇ ವಿಷಯದ ಕಡತ ಎರಡು ಇಲಾಖೆಗಳಲ್ಲಿ ಬೇರೆಬೇರೆಯಾಗಿ ಓಡಾಡಿದರೆ ಇತ್ಯರ್ಥವಾಗದು. ಎದೆಯುರಿಗೆಂದು ವೈದ್ಯರ ಬಳಿ ಹೋದಾಗ ನಾನು ಗೊರಕೆಯ ಮಾತೆತ್ತಲಿಲ್ಲ, ಅವರೂ ಕೇಳಲಿಲ್ಲ. ಓದುಗರು ಆ ತಪ್ಪು ಮಾಡದಿರಲಿ. ವೈದ್ಯರಲ್ಲಿಗೆ ಹೋಗುವಾಗ, ಪಕ್ಕದಲ್ಲಿ ಮಲಗುವವರನ್ನೂ ಜೊತೆಗೆ ಕರೆದೊಯ್ಯಿರಿ. ನಮ್ಮ ನಿದ್ರೆಗೆ ಅವರೇ ಪ್ರತ್ಯಕ್ಷ ಸಾಕ್ಷಿ.